ಗ್ರೀಕ್ ಪುರಾಣದ ಕಾದಂಬರಿ: ಯಾವುದನ್ನು ಮನೆಗೆ ತರಬೇಕು, ಯಾವುದನ್ನು ಅಂಗಡಿಯಲ್ಲೇ ಬಿಡಬೇಕು

ಕಪ್ಪು ಮುಖಪುಟ, ಅದರ ಮೇಲೆ ಬಂಗಾರದ ಬಣ್ಣದ ಎಲೆಬಳ್ಳಿ, ನಡುವೆ ಹಾವಿನ ಜಡೆಯ ಹೆಣ್ಣು ಇಲ್ಲವೇ ಒಡೆದ ದಾಳಿಂಬೆ. ಹುಬ್ಬಳ್ಳಿಯ ದೊಡ್ಡ ಪುಸ್ತಕದಂಗಡಿಗಳಲ್ಲಿ ಇಂಗ್ಲಿಷ್ ಕಾದಂಬರಿಗಳ ಕಪಾಟಿನ ಮುಂದೆ ನಿಂತರೆ ಇಂಥವು ಕಣ್ಣಿಗೆ ಬೀಳದೆ ಇರುವುದಿಲ್ಲ. ನಾಲ್ಕುನೂರು, ಐನೂರು ರೂಪಾಯಿ ಕೊಟ್ಟು ತಂದ ಪುಸ್ತಕ ನೂರನೇ ಪುಟಕ್ಕೇ ಬೇಸರ ತರಿಸಿದಾಗ ಓದುಗರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ‘ನನಗೆ ಗ್ರೀಕ್ ಪುರಾಣ ಗೊತ್ತಿಲ್ಲ, ಅದಕ್ಕೇ ರುಚಿಸಲಿಲ್ಲ’ ಎನ್ನುವವರು ಕೆಲವರು; ‘ಮೂಲ ಕತೆಯನ್ನೇ ಕೆಡಿಸಿದ್ದಾರೆ’ ಎನ್ನುವವರು ಕೆಲವರು. ಎರಡೂ ಸರಿಯಲ್ಲ. ಮೂಲವನ್ನು ಬದಲಾಯಿಸಿದ ಮಾತ್ರಕ್ಕೆ ಕಾದಂಬರಿ ಕೆಡುವುದಿಲ್ಲ. ಆ ಕತೆಯನ್ನು ಹಿಡಿದು ನಿಲ್ಲಿಸಿದ್ದ ಕಟ್ಟಳೆಗಳನ್ನು ಬಿಟ್ಟು ಬರೀ ಹೆಸರುಗಳನ್ನು ಎತ್ತಿಕೊಂಡಾಗ ಕೆಡುತ್ತದೆ.

ಇದನ್ನು ಅರಿಯಲು ಗದುಗಿನ ಸೀಮೆಯ ಓದುಗರಿಗೆ ಹೊರಗಿನ ಪಾಠ ಬೇಕಿಲ್ಲ. ಕೋಳಿವಾಡದ ನಾರಣಪ್ಪ ವೀರನಾರಾಯಣನ ಗುಡಿಯ ಹೆಸರಿನಲ್ಲಿ ಭಾರತ ಬರೆದಾಗ ಹದಿನೆಂಟು ಪರ್ವಗಳನ್ನು ಮುಗಿಸಲಿಲ್ಲ. ಗದಾಪರ್ವದವರೆಗಿನ ಹತ್ತಕ್ಕೇ ನಿಲ್ಲಿಸಿದ. ಕತೆಯ ನಡುಗಂಬವಾಗಿ ಕೃಷ್ಣನನ್ನು ನಿಲ್ಲಿಸಿದ. ಮಾತಿಗೆ ತನ್ನ ಸೀಮೆಯ ಬಿಸಿ ತಂದ. ಆದರೆ ಪ್ರತಿಜ್ಞೆಯ ತೂಕ, ಶಾಪದ ಬೆಲೆ, ಜೂಜಿನ ಸಭೆಯ ಧರ್ಮಸಂಕಟ ಯಾವುದನ್ನೂ ಸಡಿಲ ಮಾಡಲಿಲ್ಲ. ಹಾಗಾಗಿಯೇ ಅದು ಇಂದಿಗೂ ಗಮಕಿಗಳ ಬಾಯಲ್ಲಿದೆ. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿದ ಗಿರೀಶ ಕಾರ್ನಾಡರ ‘ಯಯಾತಿ’ಯೂ ಇಂಥದ್ದೇ ಉದಾಹರಣೆ. ಪೂರುವಿನ ಹೆಂಡತಿ ಚಿತ್ರಲೇಖೆ ನಾಟಕಕಾರರು ಹುಟ್ಟಿಸಿದ ಪಾತ್ರ, ಮೂಲದಲ್ಲಿ ಅವಳಿಲ್ಲ. ಆದರೆ ಶಾಪ, ಮುಪ್ಪಿನ ವಿನಿಮಯ ಎಂಬ ಕಟ್ಟಳೆ ಹಾಗೇ ಉಳಿದದ್ದರಿಂದಲೇ ಅವಳು ಕೇಳುವ ಪ್ರಶ್ನೆ ನಮ್ಮನ್ನು ಇರಿಯುತ್ತದೆ. ಗ್ರೀಕ್ ಕತೆಯ ಮರುಸೃಷ್ಟಿಯನ್ನು ತೂಗಲು ಇದೇ ತಕ್ಕಡಿ ಸಾಕು.

ಕಟ್ಟಳೆ ಎಂದರೆ ಯಾವುವು

ಮೊದಲನೆಯದು ಅತಿಥಿಧರ್ಮ. ಗ್ರೀಕರು ಇದನ್ನು ‘ಕ್ಸೇನಿಯಾ’ ಎನ್ನುತ್ತಿದ್ದರು. ಅದನ್ನು ಕಾಯುವವನು ಸ್ವತಃ ದೇವತೆಗಳ ದೊರೆ ಜ್ಯೂಸ್. ಟ್ರಾಯ್ ಯುದ್ಧದ ಬೇರು ಇಲ್ಲಿದೆ: ಗ್ರೀಕ್ ದೊರೆ ಮೆನೆಲಾಸನ ಮನೆಯಲ್ಲಿ ಉಂಡ ಟ್ರಾಯ್ ರಾಜಕುಮಾರ ಪ್ಯಾರಿಸ್ ಅದೇ ಮನೆಯ ಹೆಣ್ಣನ್ನು ಕರೆದೊಯ್ದ. ಆ ಯುದ್ಧದ ಕುರಿತ ಹೋಮರ್ ಕವಿಯ ಕಾವ್ಯ ‘ಇಲಿಯಡ್’ನ 6ನೇ ಭಾಗದಲ್ಲಿ ಗ್ಲಾಕಸ್ ಮತ್ತು ಡಯೋಮಿಡೀಸ್ ಎಂಬ ಶತ್ರುಗಳು ರಣರಂಗದಲ್ಲಿ ಎದುರಾಗುತ್ತಾರೆ. ತಮ್ಮ ಅಜ್ಜಂದಿರು ಒಬ್ಬರಿಗೊಬ್ಬರು ಅತಿಥಿಗಳಾಗಿದ್ದರು ಎಂದು ತಿಳಿದ ಕೂಡಲೇ ಕಾದಾಟ ನಿಲ್ಲಿಸಿ ಕವಚ ಬದಲಿಸಿಕೊಳ್ಳುತ್ತಾರೆ. ಒಬ್ಬನದು ನೂರು ಎತ್ತಿನ ಬೆಲೆಯ ಬಂಗಾರದ್ದು, ಇನ್ನೊಬ್ಬನದು ಒಂಬತ್ತು ಎತ್ತಿನ ಬೆಲೆಯ ಕಂಚಿನದು. ನೀವು ಕೈಗೆತ್ತಿಕೊಂಡ ಕಾದಂಬರಿಯಲ್ಲಿ ಯಾರ ಮನೆಯಲ್ಲಿ ಯಾರು ಉಂಡರೂ, ಯಾರನ್ನು ಯಾರು ಕೊಂದರೂ ಏನೂ ಆಗದಿದ್ದರೆ, ಅದು ಗ್ರೀಕ್ ವೇಷ ತೊಟ್ಟ ಬೇರೆ ಯಾವುದೋ ಕತೆ.

ಎರಡನೆಯದು ಆಣೆ. ಪಾತಾಳದ ಸ್ಟಿಕ್ಸ್ ನದಿಯ ಮೇಲೆ ಆಣೆಯಿಟ್ಟು ತಪ್ಪಿದ ದೇವತೆಗೆ ಹೆಸಿಯೊಡ್ ಕವಿ ಶಿಕ್ಷೆಯನ್ನೂ ಹೇಳಿದ್ದಾನೆ: ಒಂದು ವರ್ಷ ಉಸಿರಿಲ್ಲದೆ ಬಿದ್ದಿರಬೇಕು, ಆಮೇಲೆ 9 ವರ್ಷ ದೇವತೆಗಳ ಸಭೆಗೂ ಊಟಕ್ಕೂ ಪ್ರವೇಶವಿಲ್ಲ. ಕೇಳಿದ್ದನ್ನು ಕೊಡುವೆನೆಂದು ತನ್ನ ಪ್ರೇಯಸಿ ಸೆಮೆಲೆಗೆ ಹೀಗೆ ಮಾತು ಕೊಟ್ಟ ಜ್ಯೂಸ್, ಅವಳು ನಿನ್ನ ನಿಜರೂಪ ತೋರಿಸು ಎಂದಾಗ ಅವಳು ಸುಟ್ಟು ಹೋಗುವಳೆಂದು ಗೊತ್ತಿದ್ದೂ ತೋರಿಸಬೇಕಾಯಿತು. ಕೈಕೆಯಿಗೆ ವರ ಕೊಟ್ಟ ದಶರಥನ ಪಾಡು ತಿಳಿದವರಿಗೆ ಇದರ ಬಿಗಿ ಕೂಡಲೇ ತಾಗುತ್ತದೆ. ಸಪ್ಪೆ ಕಾದಂಬರಿಗಳಲ್ಲಿ ಪಾತ್ರಗಳು ಸಿಟ್ಟು ಬಂದಾಗಲೆಲ್ಲ ಸ್ಟಿಕ್ಸ್ ಹೆಸರೆತ್ತುತ್ತವೆ, ಮುಂದಿನ ಅಧ್ಯಾಯದಲ್ಲಿ ಮರೆಯುತ್ತವೆ.

ಮೂರನೆಯದು ವಿಧಿ. ಜ್ಯೂಸನೂ ಅದನ್ನು ಸುಮ್ಮನೆ ಮೀರುವಂತಿಲ್ಲ. ‘ಇಲಿಯಡ್’ನ 16ನೇ ಭಾಗದಲ್ಲಿ ತನ್ನ ಮಗ ಸರ್ಪೆಡಾನ್ ಸಾಯುವ ಗಳಿಗೆ ಬಂದಾಗ ಅವನನ್ನು ಉಳಿಸಲೇ ಎಂದು ಜ್ಯೂಸ್ ತಳಮಳಿಸುತ್ತಾನೆ. ನೀನು ಉಳಿಸಿದರೆ ಉಳಿದ ದೇವತೆಗಳೂ ತಮ್ಮ ಮಕ್ಕಳನ್ನು ಉಳಿಸಲು ನಿಲ್ಲುತ್ತಾರೆ ಎಂದು ಹೆಂಡತಿ ಹೇರಾ ಎಚ್ಚರಿಸುತ್ತಾಳೆ. ಅವನು ನೆಲಕ್ಕೆ ರಕ್ತದ ಹನಿ ಸುರಿಸಿ ಸುಮ್ಮನಾಗುತ್ತಾನೆ. ಭವಿಷ್ಯವಾಣಿಯ ಮಾತೂ ಹೀಗೇ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವೆ ಎಂಬ ಭವಿಷ್ಯ ಕೇಳಿದ ಈಡಿಪಸನ ಕತೆಯಲ್ಲಿ ತಪ್ಪಿಸಿಕೊಳ್ಳಲು ಇಟ್ಟ ಒಂದೊಂದು ಹೆಜ್ಜೆಯೂ ಅವನನ್ನು ಅಲ್ಲಿಗೇ ಒಯ್ಯುತ್ತದೆ. ಕಾದಂಬರಿಯ ಕೊನೆಯಲ್ಲಿ ‘ಆ ಮಾತಿನ ಅರ್ಥ ಬೇರೆಯೇ ಇತ್ತು’ ಎಂದು ಒಂದು ಪುಟದಲ್ಲಿ ಬಿಡಿಸಿಬಿಟ್ಟರೆ ಅಲ್ಲಿಯವರೆಗಿನ ಮುನ್ನೂರು ಪುಟದ ಭಯ ಸುಳ್ಳಾಗುತ್ತದೆ. ನಿರಾಶೆ ಹುಟ್ಟುವ ಜಾಗಗಳಲ್ಲಿ ಇದು ಅತಿ ಸಾಮಾನ್ಯ.

ಮೂಲ ಒಂದೇ ಅಲ್ಲ, ಅದು ಓದುಗರಿಗೆ ಗೊತ್ತಿರಬೇಕು

ಲೇಖಕರನ್ನು ದೂರುವ ಮೊದಲು ಇಷ್ಟು ತಿಳಿದಿರಲಿ: ಗ್ರೀಕ್ ಪುರಾಣಕ್ಕೆ ಒಂದೇ ಅಧಿಕೃತ ಪಾಠವಿಲ್ಲ. ಮೆಡೂಸಾಳನ್ನೇ ತೆಗೆದುಕೊಳ್ಳಿ. ಕ್ರಿಸ್ತಪೂರ್ವ 700ರ ಆಸುಪಾಸಿನ ಹೆಸಿಯೊಡ್‌ನಲ್ಲಿ ಅವಳು ಮೂವರು ಗೋರ್ಗಾನ್ ಅಕ್ಕತಂಗಿಯರಲ್ಲಿ ಸಾವುಳ್ಳ ಒಬ್ಬಳು, ಅಷ್ಟೇ. ಗುಡಿಯಲ್ಲಿ ಅತ್ಯಾಚಾರಕ್ಕೊಳಗಾಗಿ, ಆಮೇಲೆ ದೇವಿಯಿಂದ ತಾನೇ ಶಿಕ್ಷೆ ಪಡೆದ ಸುಂದರಿಯ ಕತೆ ಸುಮಾರು ಏಳು ನೂರು ವರ್ಷ ತಡವಾಗಿ ರೋಮಿನ ಓವಿಡ್ ಬರೆದದ್ದು. ಯಾವುದನ್ನು ಆರಿಸಿಕೊಂಡರೂ ತಪ್ಪಿಲ್ಲ. ಎರಡನ್ನೂ ಬೆರೆಸಿ, ಅವಳು ಹುಟ್ಟಾ ರಾಕ್ಷಸಿಯೂ ಹೌದು, ಶಾಪಗ್ರಸ್ತೆಯೂ ಹೌದು ಎಂದು ಬರೆದಾಗ ಪಾತ್ರ ನಿಲ್ಲುವುದಿಲ್ಲ.

ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸನಿಗೆ ಹಿಮ್ಮಡಿಯಲ್ಲಿ ಮಾತ್ರ ಸಾವಿತ್ತು ಎಂಬ ಕತೆಯೂ ಹೋಮರನಲ್ಲಿಲ್ಲ. ನಮಗೆ ಸಿಕ್ಕಿರುವ ಬರಹಗಳಲ್ಲಿ ಅದು ಕಾಣುವುದು ಕ್ರಿಸ್ತಶಕ ಒಂದನೇ ಶತಮಾನದ ಸ್ಟೇಷಿಯಸ್ ಕವಿಯಲ್ಲಿ. ಗಾಂಧಾರಿ ಕಣ್ಣುಪಟ್ಟಿ ಬಿಚ್ಚಿ ದುರ್ಯೋಧನನ ಮೈಯನ್ನು ವಜ್ರ ಮಾಡಿದಳು, ತೊಡೆ ಮಾತ್ರ ಉಳಿಯಿತು ಎಂಬ ಕತೆ ವ್ಯಾಸಭಾರತದಲ್ಲಿ ಇಲ್ಲದೆಯೂ ನಮ್ಮ ಊರೂರಿನಲ್ಲಿ ನಿಂತಿದೆಯಲ್ಲ, ಹಾಗೆಯೇ ಇದು. ಟ್ರಾಯ್‌ನ ಮರದ ಕುದುರೆ ‘ಇಲಿಯಡ್’ನಲ್ಲಿ ಬರುವುದೇ ಇಲ್ಲ; ಆ ಕಾವ್ಯ ಟ್ರಾಯ್ ವೀರ ಹೆಕ್ಟರನ ಅಂತ್ಯಸಂಸ್ಕಾರಕ್ಕೆ ಮುಗಿಯುತ್ತದೆ. ಲೋಕಕ್ಕೆ ಕೇಡುಗಳನ್ನು ಬಿಟ್ಟ ಪಂಡೋರಾ ತೆರೆದದ್ದು ಪೆಟ್ಟಿಗೆಯಲ್ಲ, ದೊಡ್ಡ ಮಣ್ಣಿನ ಹರವಿ. ಪೆಟ್ಟಿಗೆಯಾದದ್ದು 16ನೇ ಶತಮಾನದ ವಿದ್ವಾಂಸ ಎರಾಸ್ಮಸನ ಲ್ಯಾಟಿನ್‌ನಿಂದ. ಇಂಥವುಗಳಿಗಾಗಿ ಪುಸ್ತಕವನ್ನು ತಳ್ಳಿಹಾಕಬೇಡಿ.

ಪರ್ಸೆಫನಿಯ ವಿಷಯದಲ್ಲಿ ಮಾತ್ರ ನಮ್ಮ ನಿಲುವು ಗಟ್ಟಿ. ಪಾತಾಳದ ದೊರೆ ಹೇಡೀಸ್ ಅವಳನ್ನು ಹೊತ್ತೊಯ್ದದ್ದನ್ನು ಈಗಿನ ಅನೇಕ ಕಾದಂಬರಿಗಳು ಪ್ರೇಮಕತೆಯಾಗಿ ತಿರುಗಿಸುತ್ತವೆ. ತಿರುಗಿಸಲಿ. ಆದರೆ ಹಳೆಯ ಸ್ತೋತ್ರಕಾವ್ಯದಲ್ಲಿ ಕತೆಯ ಜೀವ ಇರುವುದು ಬೆಳೆಯ ದೇವತೆಯಾದ ತಾಯಿ ಡಿಮೀಟರ್‌ಳ ಅಳಲಿನಲ್ಲಿ. ಅವಳು ಭೂಮಿಯ ಬೆಳೆ ತಡೆಹಿಡಿಯುತ್ತಾಳೆ. ಎತ್ತು ನೇಗಿಲು ಎಳೆಯುತ್ತದೆ, ಬಿತ್ತಿದ್ದು ಮೊಳೆಯುವುದಿಲ್ಲ. ಮನುಷ್ಯರು ಹಸಿವಿನಿಂದ ಅಳಿಯುವ ಹೊತ್ತಿಗೆ ಜ್ಯೂಸ್ ಮಣಿಯುತ್ತಾನೆ. ಹೇಡೀಸ್ ಗುಟ್ಟಾಗಿ ತಿನ್ನಿಸಿದ ದಾಳಿಂಬೆ ಕಾಳಿನಿಂದಾಗಿ ಮಗಳು ವರ್ಷದ ಮೂರರಲ್ಲೊಂದು ಪಾಲು ಕೆಳಗೇ ಇರಬೇಕಾಗುತ್ತದೆ. ಬಿತ್ತಿ ಮುಗಿಲು ನೋಡುತ್ತ ಕೂತ ವರ್ಷಗಳು ಗದಗ, ಹಾವೇರಿಯವರಿಗೆ ಗೊತ್ತು. ತಾಯಿಯನ್ನು ಬರೀ ಮಗಳ ಪ್ರೇಮಕ್ಕೆ ಅಡ್ಡ ಬರುವ ಸಿಡುಕಿಯನ್ನಾಗಿ ಮಾಡಿ, ಬರವನ್ನು ಒಂದು ಸಾಲಿನಲ್ಲಿ ದಾಟಿಸಿದ ಕಾದಂಬರಿ ಆ ಕತೆಯ ದೊಡ್ಡ ಪಾಲನ್ನೇ ಕಳೆದುಕೊಂಡಿರುತ್ತದೆ.

ಅಂಗಡಿಯಲ್ಲಿ ಹದಿನೈದು ನಿಮಿಷ

ಹಿಂದಿನ ರಟ್ಟಿನ ಹೊಗಳಿಕೆ ಓದಬೇಡಿ. ಮೊದಲ ಐದು ಪುಟ ಓದಿ, ಬರುವ ಹೊಸ ಹೆಸರುಗಳನ್ನು ಬೆರಳಲ್ಲಿ ಎಣಿಸಿ. ಹತ್ತು ದಾಟಿತು, ಅವರಲ್ಲಿ ಒಬ್ಬರೂ ಏನನ್ನೂ ಬಯಸುತ್ತಿಲ್ಲ ಎಂದಾದರೆ ಲೇಖಕರು ಕತೆ ಹೇಳುತ್ತಿಲ್ಲ, ಪಟ್ಟಿ ಒಪ್ಪಿಸುತ್ತಿದ್ದಾರೆ. ಆಮೇಲೆ ಪುಸ್ತಕದ ನಡುವಿನ ಒಂದು ಪುಟ ತೆರೆದು ಸಂಭಾಷಣೆ ನೋಡಿ. ‘ನಿನಗೆ ಗೊತ್ತಿರುವಂತೆ ಅಥೀನಾ ಬುದ್ಧಿಯ ದೇವತೆ’ ಎಂದು ಒಂದು ಪಾತ್ರ ಇನ್ನೊಂದಕ್ಕೆ ಹೇಳುತ್ತಿದ್ದರೆ ಅದು ಓದುಗರ ಕಿವಿಗೆ ಹೇಳಿದ್ದು. ಅಲ್ಲೊಂದು ಇಲ್ಲೊಂದು ಸಹಿಸಬಹುದು, ಪುಟಪುಟಕ್ಕೂ ಬಂದರೆ ಬಿಡಿ.

ಹೆಸರುಗಳ ಬೆರಕೆಯನ್ನೂ ಗಮನಿಸಿ. ಹೆರಾಕ್ಲಿಸ್ ಗ್ರೀಕ್, ಹರ್ಕ್ಯುಲಿಸ್ ರೋಮನ್. ಅಥೀನಾ ಗ್ರೀಕ್, ಮಿನರ್ವಾ ರೋಮನ್. ಒಡಿಸ್ಯೂಸ್ ಗ್ರೀಕ್, ಯುಲಿಸಿಸ್ ರೋಮನ್. ಕಾರಣವಿಲ್ಲದೆ ಒಂದೇ ಪುಟದಲ್ಲಿ ಎರಡೂ ಬಂದರೆ ಲೇಖಕರು ಸಿನಿಮಾ ನೋಡಿ ಬರೆದಿರುವ ಸಾಧ್ಯತೆ ಹೆಚ್ಚು. ಸಮುದ್ರದಿಂದ ‘ಕ್ರಾಕನ್’ ಎದ್ದರೂ ಹಾಗೆಯೇ, ಅದು ಉತ್ತರದ ನಾರ್ವೆ ಕಡೆಯ ಪ್ರಾಣಿ. ರೆಕ್ಕೆಯ ಕುದುರೆ ಪೆಗಸಸ್ ಹುಟ್ಟಿದ್ದು ಪರ್ಸಿಯಸ್ ಕಡಿದ ಮೆಡೂಸಾಳ ಕೊರಳಿನಿಂದ, ನಿಜ. ಆದರೆ ಹಳೆಯ ಕತೆಗಳಲ್ಲಿ ಅದನ್ನು ಪಳಗಿಸಿ ಏರಿದವನು ಪರ್ಸಿಯಸ್ ಅಲ್ಲ, ಬೆಲ್ಲೆರೊಫೋನ್.

ಇನ್ನೊಂದು ಅಚ್ಚು ಈಚೆಗೆ ಬಹಳ ಸವೆದಿದೆ. ತನ್ನ ಶಕ್ತಿ ತನಗೇ ಗೊತ್ತಿಲ್ಲದ ಹತ್ತೊಂಬತ್ತರ ಹುಡುಗಿ, ದೇವತೆಗಳು ನಡೆಸುವ ಒಂದು ಕಠಿಣ ಶಾಲೆ, ಸೋತವರು ಸಾಯುವ ಸಾಲು ಪರೀಕ್ಷೆಗಳು, ಕತ್ತಲಲ್ಲಿ ನಿಂತ ಸಿಡುಕು ಮೋರೆಯ ದೇವಕುಮಾರ, ಕೊನೆಯ ಪುಟದಲ್ಲಿ ‘ಮುಂದಿನ ಭಾಗದಲ್ಲಿ’. ಇದರಲ್ಲಿ ದೇವತೆಗಳ ಹೆಸರು ತೆಗೆದು ಬೇರೆ ದೇಶದ ಹೆಸರು ಹಾಕಿದರೂ ಕತೆಯಲ್ಲಿ ಒಂದು ಸಾಲೂ ಬದಲಾಗಬೇಕಿಲ್ಲ. ಈ ಅದಲುಬದಲನ್ನು ಮನಸ್ಸಿನಲ್ಲೇ ಮಾಡಿ ನೋಡುವುದು ನಮಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ನಂಬಿಕೆಯದು. ನಾಯಕಿ ಜಾಣೆ ಎಂದು ನಾಲ್ಕು ಜನ ಹೇಳುತ್ತಾರೆಯೋ, ಅಥವಾ ಅವಳು ಜಾಣತನದ ಒಂದು ಕೆಲಸವನ್ನಾದರೂ ಮಾಡಿ ತೋರಿಸುತ್ತಾಳೆಯೋ ಎಂಬುದನ್ನೂ ನೋಡಿ. ಒಡಿಸ್ಯೂಸ್ ಜಾಣನೆಂದು ನಾವು ನಂಬುವುದು ಅವನು ಒಕ್ಕಣ್ಣ ರಾಕ್ಷಸ ಪಾಲಿಫೀಮಸನಿಗೆ ತನ್ನ ಹೆಸರು ‘ಯಾರೂ ಅಲ್ಲ’ ಎಂದು ಹೇಳಿದ್ದಕ್ಕೆ; ‘ಯಾರೂ ಅಲ್ಲ ನನ್ನನ್ನು ಕೊಲ್ಲುತ್ತಿದ್ದಾನೆ’ ಎಂದು ರಾಕ್ಷಸ ಕೂಗಿದರೆ ನೆರವಿಗೆ ಯಾರು ತಾನೇ ಬಂದಾರು? ಒಡಿಸ್ಯೂಸ್ ಪೆಟ್ಟು ತಿನ್ನುವುದೂ ಅದೇ ಕತೆಯಲ್ಲಿ: ಹಡಗು ಹೊರಟ ಮೇಲೆ ಹಮ್ಮಿನಿಂದ ನಿಜ ಹೆಸರು ಕೂಗಿ, ಆ ರಾಕ್ಷಸನ ತಂದೆಯಾದ ಸಮುದ್ರದೇವತೆ ಪೊಸೈಡನನ ಕೋಪ ಕಟ್ಟಿಕೊಳ್ಳುತ್ತಾನೆ.

ಯಾವುದು ಯಾರಿಗೆ

ದೊಡ್ಡವರು ಒಂದೇ ಒಂದು ಕಾದಂಬರಿ ಓದುವುದಾದರೆ ಮ್ಯಾಡೆಲೀನ್ ಮಿಲ್ಲರ್ ಅವರ ‘ಸರ್ಸಿ’ (2018) ತೆಗೆದುಕೊಳ್ಳಿ. ಗ್ರೀಕ್ ಉಚ್ಚಾರ ‘ಕಿರ್ಕೆ’. ಅಂಗಡಿಯಲ್ಲಿ ಇಂಗ್ಲಿಷ್ ರೀತಿಯಲ್ಲಿ ಸರ್ಸಿ ಎಂದು ಕೇಳಿದರೆ ಸಿಗುತ್ತದೆ. ಟ್ರಾಯ್ ಯುದ್ಧ ಮುಗಿಸಿ ಒಡಿಸ್ಯೂಸ್ ಮನೆಗೆ ಮರಳುವ ಹೋಮರನ ಕಾವ್ಯ ‘ಒಡಿಸ್ಸಿ’ಯ 10ನೇ ಭಾಗದಲ್ಲಿ ನಾವಿಕರನ್ನು ಹಂದಿ ಮಾಡುವ ಮಾಟಗಾತಿ ಇಲ್ಲಿ ತನ್ನ ಕತೆ ತಾನೇ ಹೇಳುತ್ತಾಳೆ. ಲೇಖಕಿ ಹೋಮರನಷ್ಟಕ್ಕೇ ನಿಂತಿಲ್ಲ. ಸ್ಕಿಲ್ಲಾ ರಾಕ್ಷಸಿಯಾದದ್ದನ್ನು ಓವಿಡ್‌ನಿಂದ, ಮಗ ಟೆಲೆಗೋನಸನ ಕತೆಯನ್ನು ಕಳೆದುಹೋದ ಇನ್ನೊಂದು ಕಾವ್ಯದ ಸುಳಿವಿನಿಂದ ತಂದು ಹೆಣೆದಿದ್ದಾರೆ. ಮಾಟ ಇಲ್ಲಿ ಬೆರಳು ಚಿಟಿಕೆಯ ಆಟವಲ್ಲ. ಬೇರು ಅಗೆದು, ಒಣಗಿಸಿ, ತಪ್ಪಿ, ಮತ್ತೆ ಮಾಡುವ ದುಡಿಮೆ. ಶಕ್ತಿಗೆ ಬೆಲೆ ಇದೆ. ಓಟದ ಕತೆ ಬೇಕಾದವರಿಗೆ ಮಾತ್ರ ಇದು ನಿಧಾನವೆನಿಸುತ್ತದೆ, ನಾಯಕಿ ಬಹುಕಾಲ ಒಂದೇ ದ್ವೀಪದಲ್ಲಿರುತ್ತಾಳೆ. ಅವರು ಇದೇ ಲೇಖಕಿಯ ‘ದಿ ಸಾಂಗ್ ಆಫ್ ಅಕಿಲೀಸ್’ (2011) ಓದಬಹುದು. ಅಕಿಲೀಸನ ಒಡನಾಡಿ ಪಟ್ರೋಕ್ಲಸ್ ಹೇಳುವ ಆ ಕತೆ 2012ರ ಆರೆಂಜ್ ಪ್ರಶಸ್ತಿ ಪಡೆಯಿತು. ಯುದ್ಧಕ್ಕಿಂತ ಇಬ್ಬರು ಗಂಡಸರ ಪ್ರೇಮವೇ ಅದರ ಕೇಂದ್ರ. ಟ್ರಾಯ್‌ನ ರಣತಂತ್ರ ಹುಡುಕುವವರಿಗೆ ಅದು ಸಾಲದು.

ಭೈರಪ್ಪನವರ ‘ಪರ್ವ’ವನ್ನು ಮೆಚ್ಚಿದವರಿಗೆ, ಅಂದರೆ ಪುರಾಣದ ಮೆರುಗು ಕಳಚಿ ಯುದ್ಧದ ಹೊಲಸು, ಹಸಿವು, ಹೆಣ್ಣಿನ ಪಾಡು ನೋಡಬಯಸುವವರಿಗೆ, ಪ್ಯಾಟ್ ಬಾರ್ಕರ್ ಅವರ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’ (2018) ಹೊಂದುತ್ತದೆ. ‘ಇಲಿಯಡ್’ ಶುರುವಾಗುವುದೇ ಬ್ರಿಸೇಯಿಸ್ ಎಂಬ ಸೆರೆಹೆಣ್ಣಿಗಾಗಿ ಇಬ್ಬರು ವೀರರು ಜಗಳಾಡುವುದರಿಂದ. ಇಲ್ಲಿ ಆ ಹೆಣ್ಣೇ ಮಾತಾಡುತ್ತಾಳೆ. ಹಿಂಸೆ, ಅತ್ಯಾಚಾರ ನೇರವಾಗಿ ಬರುತ್ತವೆ, ಶಾಲೆಯ ಮಕ್ಕಳ ಕೈಗೆ ಬೇಡ. ಮಾಯೆ, ಮಂತ್ರ ನಿರೀಕ್ಷಿಸಿ ಹೋದವರು ಇದನ್ನು ‘ನಿರಾಶೆ’ ಎಂದರೆ ತಪ್ಪು ಪುಸ್ತಕದ್ದಲ್ಲ, ಅದನ್ನು ಫ್ಯಾಂಟಸಿ ಸಾಲಿನಲ್ಲಿ ಇಟ್ಟವರದು. ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಪೆನೆಲೊಪಿಯಡ್’ (2005) ಚಿಕ್ಕದು, ಚುರುಕು; ಹೇಳುವವಳು ಒಡಿಸ್ಯೂಸನ ಹೆಂಡತಿ ಪೆನೆಲೊಪಿ. ಒಡಿಸ್ಯೂಸ್ ಮನೆಗೆ ಮರಳಿದ ಮೇಲೆ ನೇಣಿಗೇರಿದ 12 ದಾಸಿಯರು ಮೇಳವಾಗಿ ಬಂದು ನ್ಯಾಯ ಕೇಳುತ್ತಾರೆ. ಬಯಲಾಟ, ಸಣ್ಣಾಟದ ಹಿಮ್ಮೇಳಕ್ಕೆ ಕಿವಿ ಒಗ್ಗಿದವರಿಗೆ ಇದರ ಕಟ್ಟು ಹಿಡಿಸುತ್ತದೆ.

ಹತ್ತರಿಂದ ಹದಿಮೂರು ವಯಸ್ಸಿನ ಮಕ್ಕಳಿಗೆ ರಿಕ್ ರಿಯೊರ್ಡನ್ ಅವರ ‘ದಿ ಲೈಟ್ನಿಂಗ್ ಥೀಫ್’ (2005). 12 ವರ್ಷದ ಪರ್ಸಿ ಪೊಸೈಡನನ ಮಗ. ಜ್ಯೂಸನ ಸಿಡಿಲು ಕಳುವಾಗಿದೆ. ದೇವತೆಗಳ ನೆಲೆಯಾದ ಒಲಿಂಪಸ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಅಂತಸ್ತಿನಲ್ಲಿದೆ. ಎಷ್ಟೆಲ್ಲ ಬದಲಾಯಿಸಿದರೂ ಇದು ನಿಲ್ಲುವುದೇಕೆಂದರೆ ದೇವತೆಗಳ ಹಟ, ತಂದೆ ಮಕ್ಕಳ ದೂರ, ಆಣೆಯ ಬಿಗಿ ಹಾಗೇ ಉಳಿದಿವೆ. ಪರ್ಸಿಗೆ ಓದುವಾಗ ಅಕ್ಷರ ಕಲಸಿದಂತಾಗುತ್ತದೆ, ಒಂದೆಡೆ ಕೂರಲಾಗುವುದಿಲ್ಲ. ಕತೆ ಅದನ್ನೇ ಅವನ ಬಲವಾಗಿಸುತ್ತದೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಇದು ಮುಖ್ಯ. ಮೊದಲ ಸರಣಿ 5 ಪುಸ್ತಕ, 2009ಕ್ಕೆ ಮುಗಿದಿದೆ. ಮೊದಲನೆಯದೊಂದನ್ನೇ ಓದಿದರೂ ಕತೆ ಅರ್ಧಕ್ಕೆ ನಿಲ್ಲುವುದಿಲ್ಲ. ಅದೇ ಪುಸ್ತಕವನ್ನು ಇಪ್ಪತ್ತೈದರ ಹರೆಯದಲ್ಲಿ ಮೊದಲ ಸಲ ಹಿಡಿದವರಿಗೆ ಬಾಲಿಶ ಎನಿಸುವುದು ಸಹಜ.

ಕತೆಗಳ ಪರಿಚಯವೇ ಇಲ್ಲದವರು ಕಾದಂಬರಿಗೆ ಮೊದಲು ಸ್ಟೀಫನ್ ಫ್ರೈ ಅವರ ‘ಮಿಥಾಸ್’ (2017) ಓದಬಹುದು. ಅದು ಕಾದಂಬರಿಯಲ್ಲ, ಹರಟೆಯ ಧಾಟಿಯ ನಿರೂಪಣೆ.

ಇಂಗ್ಲಿಷ್ ತೊಡಕೆನಿಸುವವರು ನಿರಾಶರಾಗಬೇಕಿಲ್ಲ. ಲಂಕೇಶರ ‘ದೊರೆ ಈಡಿಪಸ್’ ಕನ್ನಡದಲ್ಲಿದೆ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929) ಇನ್ನೂ ಕುತೂಹಲದ್ದು. ಗ್ರೀಕ್ ನಾಟಕಕಾರ ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಅವರು ಹೆಸರು ಸಮೇತ ಎತ್ತಿ ತರಲಿಲ್ಲ. ಅಕಿಲೀಸನ ಆಯುಧ ತನಗೆ ಸಿಗದ ಅವಮಾನದಲ್ಲಿ ಬುದ್ಧಿ ಕದಡಿ, ಶತ್ರುಗಳೆಂದು ದನಕುರಿಗಳನ್ನು ಕಡಿದ ವೀರನ ನೋವಿಗೆ ನಮ್ಮಲ್ಲಿ ಸರಿಸಾಟಿ ಯಾರು ಎಂದು ಹುಡುಕಿ ಅಶ್ವತ್ಥಾಮನನ್ನು ತಂದರು. ಮೂಲದ ಹೆಸರು ಬಿಟ್ಟು ಕಟ್ಟಳೆ ಉಳಿಸಿಕೊಳ್ಳುವುದು ಹೇಗೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ಕಂಡಿಲ್ಲ. ಭಾಷೆ ಹಳಗನ್ನಡದ ಗತ್ತಿನದು. ಗಟ್ಟಿಯಾಗಿ ಓದಿಕೊಂಡರೆ ಬಿಡಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಕಾಲೇಜು ಗ್ರಂಥಾಲಯಗಳ ಹಳೆಯ ಕಪಾಟುಗಳಲ್ಲಿ ವಿಚಾರಿಸಿ.

ಕೊಳ್ಳುವಾಗ

ಸರಣಿಯ ಪುಸ್ತಕವಾದರೆ ಬೆನ್ನಿನ ಮೇಲಿನ ಅಂಕಿ ನೋಡಿ, ಎಷ್ಟು ಭಾಗ ಬಂದಿವೆ, ಮುಗಿದಿದೆಯೇ ಎಂದು ಫೋನಿನಲ್ಲಿ ಖಚಿತಪಡಿಸಿಕೊಳ್ಳಿ. ಎರಡನೇ ಭಾಗವೇ ಬಾರದ ಸರಣಿಗಳೂ ಇವೆ. ಕಿಂಡಲ್‌ನಲ್ಲಿ ಹೆಚ್ಚಿನ ಪುಸ್ತಕಗಳ ಮೊದಲ ಕೆಲವು ಅಧ್ಯಾಯ ಬಿಟ್ಟಿಯಾಗಿ ಸಿಗುತ್ತವೆ. ಮೇಲೆ ಹೇಳಿದ ಪರೀಕ್ಷೆಗೆ ಅಷ್ಟು ಸಾಕು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಮುಟ್ಟುವುದರೊಳಗೆ ಮುಗಿಯುತ್ತದೆ.

ನೂರೈವತ್ತು ರೂಪಾಯಿಗೆ ಪಾದಚಾರಿ ರಸ್ತೆಯಲ್ಲಿ ಸಿಗುವ ಕಳ್ಳ ಮುದ್ರಣದ ಪ್ರತಿಗಳಿಂದ ದೂರವಿರಿ. ಮುದ್ರಣ ಕಾಶಿ ಎನಿಸಿಕೊಂಡ ಗದುಗಿನವರಿಗೆ ಫಾರ್ಮು ಎಂದರೇನೆಂದು ಹೇಳಬೇಕಿಲ್ಲ: ಜೋಡಿಸುವಾಗ ಒಂದು ಫಾರ್ಮು ತಪ್ಪಿದರೆ 16 ಪುಟ ಒಟ್ಟಿಗೇ ಮಾಯ, ಇಲ್ಲವೇ ಅವೇ 16 ಪುಟ ಎರಡು ಸಲ. ಅಕ್ಷರದ ಅಂಚು ಮಸುಕು, ಎದುರು ಪುಟದ ಮಸಿ ಕಾಣುವಷ್ಟು ತೆಳು ಕಾಗದ, ಬೆನ್ನು ಮಡಚಿದರೆ ಅಂಟು ಬಿಡುವುದು, ಇವು ಗುರುತು. ಪುಟಸಂಖ್ಯೆಗಳನ್ನು ಸರಸರನೆ ತಿರುವಿ ನೋಡಿ.

ಹಣ ಹಾಕುವ ಮೊದಲು ಮೂಲದ ರುಚಿ ನೋಡಬೇಕೆಂದರೆ ‘ಒಡಿಸ್ಸಿ’ಯ 9ರಿಂದ 12ನೇ ಭಾಗ ಓದಿ. ಸುಮಾರು 2,200 ಸಾಲು, ಒಂದು ಭಾನುವಾರದ ಓದು. ಒಕ್ಕಣ್ಣ ರಾಕ್ಷಸ, ಕಿರ್ಕೆ, ಸತ್ತವರ ಲೋಕ, ಸೈರನ್‌ಗಳ ಹಾಡು, ಸ್ಕಿಲ್ಲಾ ಎಲ್ಲವೂ ಅಲ್ಲೇ ಬರುತ್ತವೆ. ಸ್ಯಾಮ್ಯುಯೆಲ್ ಬಟ್ಲರ್ ಅವರ 1900ರ ಗದ್ಯಾನುವಾದ ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಬಿಟ್ಟಿ. ಅದರಲ್ಲಿ ಯುಲಿಸಿಸ್, ಮಿನರ್ವಾ ಎಂದು ರೋಮನ್ ಹೆಸರುಗಳಿವೆ, ಗಲಿಬಿಲಿಯಾಗಬೇಡಿ. ಕಾಸು ಕೊಟ್ಟು ಕೊಳ್ಳುವುದಾದರೆ ಎಮಿಲಿ ವಿಲ್ಸನ್ ಅವರ 2017ರ ಅನುವಾದ: ಮೂಲದಲ್ಲಿ ಎಷ್ಟು ಸಾಲೋ ಅಷ್ಟೇ ಸಾಲು, ಇಂಗ್ಲಿಷ್ ಸರಳ. ಆ ನಾಲ್ಕು ಭಾಗ ಮುಗಿಸಿ ಸೋಮವಾರ ‘ಸರ್ಸಿ’ ತೆರೆಯಿರಿ.